ಸಿಸ್ಟರ್ ಕೇಳಿದ ಪಿಂಕ್ ಯಾವುದು?

ಹಾಸನದ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಸಿಸ್ಟರ್ ‘ಬೇಗ ಒಂದು ಪಿಂಕ್ ತನ್ನಿ’ ಅಂದರಂತೆ. ಇವರು ಮೆಡಿಕಲ್ ಶಾಪಿನಿಂದ ಪಿಂಕ್ ಸೂಜಿ ತಂದರು. ಬೇಕಾಗಿದ್ದು ವೆನ್‌ಫ್ಲಾನ್, ಅಂದರೆ ಡ್ರಿಪ್ ಹಾಕಲು ಕೈಗೆ ಚುಚ್ಚಿ ಅಲ್ಲೇ ಬಿಡುವ ಕ್ಯಾನುಲಾ. ಮತ್ತೆ ಮೂರು ಮಹಡಿ ಇಳಿದು ಹತ್ತಿದರು. ನರ್ಸ್‌ಗಳು ಈ ಅಡ್ಡಹೆಸರು ಬಿಡಬೇಕು ಅನ್ನುವುದು ಅವರ ಒತ್ತಾಯ.

ನಿಮ್ಮ ಸುಸ್ತು ಅರ್ಥವಾಗುತ್ತದೆ. ಗೊಂದಲವೂ ನಿಜ. ಕ್ಯಾನುಲಾದಲ್ಲಿ ಪಿಂಕ್ ಅಂದರೆ 20 ಗೇಜ್, ಇಂಜೆಕ್ಷನ್ ಸೂಜಿಯಲ್ಲಿ ಅದೇ ಪಿಂಕ್ 18. ಹಸಿರು ಅಲ್ಲಿ 18, ಇಲ್ಲಿ 21. ಸಾಲದ್ದಕ್ಕೆ, ಈ ಗೇಜ್ ನಂಬರ್ ಜಾಸ್ತಿಯಾದಷ್ಟೂ ಸೂಜಿ ತೆಳ್ಳಗೆ. ಆದರೆ ಈ ಬಣ್ಣಗಳನ್ನು ಸಿಸ್ಟರ್ ಬಳಿದದ್ದಲ್ಲವಲ್ಲ! ಅಂತಾರಾಷ್ಟ್ರೀಯ ಮಾನದಂಡವೇ ಹಾಗಿದೆ.

ಇನ್ನು ಅಡ್ಡಹೆಸರಿನ ಮಾತು. ಉಸಿರು ನಿಂತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್ ಅನ್ನುವುದು 1956ರಲ್ಲಿ ಡೆನ್ಮಾರ್ಕಿನಿಂದ ಬಂದ ಬ್ರ್ಯಾಂಡ್. ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿಗೆ ಇಂಗ್ಲೆಂಡಿನ ಡಾಕ್ಟರ್ ರೈಲ್ ಹೆಸರು, ಮೂತ್ರ ಹೋಗಲು ಹಾಕುವ ಫೋಲೀಸ್ ಟ್ಯೂಬಿಗೆ ಅಮೆರಿಕದ ಡಾಕ್ಟರ್ ಫೋಲಿ ಹೆಸರು. ಇವೆಲ್ಲ ದೊಡ್ಡ ಡಾಕ್ಟರ ಬಾಯಲ್ಲಿ ಬಂದರೆ ವೈದ್ಯಶಾಸ್ತ್ರ, ಸಿಸ್ಟರ್ ಬಾಯಲ್ಲಿ ಬಂದರೆ ಮಾತ್ರ ಅಡ್ಡಹೆಸರೇ? ನಾವೇ ದಿನಾ ಜೆರಾಕ್ಸ್ ಮಾಡಿಸುತ್ತೇವೆ, ಅದೂ ಒಂದು ಕಂಪನಿಯ ಹೆಸರೇ.

ನಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ಡ್ರಿಪ್ ನಿಂತು ಕೈ ಊದಿಕೊಂಡಿತು. ಸಿಸ್ಟರ್ ಬಂದು ಲೈಟ್ ಹಾಕಿ, ಮುಂಗೈ ಮೇಲೆ ಎರಡು ಬೆರಳಿಟ್ಟು ನರ ಹುಡುಕಿದರು. ‘ಅಜ್ಜಿ ನರ ತೆಳ್ಳಗಿದೆ, ಪಿಂಕ್ ಬೇಡ, ಬ್ಲೂ ಕೊಡೇ’ ಅಂದರು. ಜೊತೆಯ ಹುಡುಗಿ ತಕ್ಷಣ 22 ಗೇಜ್ ಕೈಗಿಟ್ಟಳು. ಒಂದೇ ಚುಚ್ಚಿಗೆ ಸಿಕ್ಕಿತು. ಇಡೀ ವಾರ್ಡಿಗೆ ಆ ರಾತ್ರಿ ಇದ್ದವರು ಅವರಿಬ್ಬರೇ. ಅಂಥ ಹೊತ್ತಲ್ಲಿ ಹುಟ್ಟಿದ ಮಾತು ಅದು, ಅದನ್ನು ಬಿಡಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆಗಿದೆ. ಕಾಯಿಲೆಯವರ ಪಕ್ಕ ಕೂರಬೇಕಾದವರನ್ನು ಸಾಮಾನು ತರಲು ಓಡಿಸುವುದು ಯಾಕೆ? ಓಡಿಸಲೇಬೇಕಿದ್ದರೆ ‘ಕ್ಯಾನುಲಾ, 20 ಗೇಜ್, ಪಿಂಕ್, 1’ ಅಂತ ಕನ್ನಡದಲ್ಲಿ ಅಚ್ಚು ಮಾಡಿದ ಚೀಟಿ ಇಡಲು ಆಸ್ಪತ್ರೆಗೆ ಎಷ್ಟು ಖರ್ಚು? ಹಳ್ಳಿಯಿಂದ ಬಂದ ಅಜ್ಜ ಇಂಗ್ಲಿಷ್ ಚೀಟಿ ಹಿಡಿದು ಕೌಂಟರ್ ಮುಂದೆ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೂ ಒಂದು ಪತ್ರ ಬರೆಯಬೇಕಿತ್ತು ನೀವು.

ಮುಂದಿನ ಸಲ ‘ಸೂಜಿನಾ, ಕ್ಯಾನುಲಾನಾ, ಎಷ್ಟು ನಂಬರ್ ಸಿಸ್ಟರ್?’ ಅಂತ ಕೇಳಿ ಬರೆಸಿಕೊಳ್ಳಿ. ಅಮ್ಮ ಈಗ ಹೇಗಿದ್ದಾರೆ? ಪತ್ರದಲ್ಲಿ ಅದನ್ನೇ ಬರೆದಿಲ್ಲ.