ತೋಟ ಮಾರೋ ಮಾತು ಐಸಿಯು ಬಾಗಿಲಲ್ಲಿ ಬೇಡ

ಪ್ರಶ್ನೆ: ಮೇಡಂ ನಮಸ್ತೆ. ನಾನು ತಿಪಟೂರು ಕಡೆಯವಳು, ಮದುವೆಯಾಗಿ ತುಮಕೂರಲ್ಲಿದ್ದೀನಿ, ಪ್ರೈವೇಟ್ ಸ್ಕೂಲಲ್ಲಿ ಟೀಚರ್, 22 ಸಾವಿರ ಸಂಬಳ. ಅಪ್ಪನಿಗೆ 62 ವರ್ಷ. ಹೋದ ವಾರ ಹಾರ್ಟ್ ಅಟ್ಯಾಕ್ ಆಯ್ತು, ಗಾಬರಿಲಿ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ್ವಿ, ಒಂದು ಸ್ಟೆಂಟ್ ಹಾಕಿದ್ರು, ಮೂರು ದಿನ ವೆಂಟಿಲೇಟರಲ್ಲಿದ್ರು, ಈಗ ಮಾತಾಡ್ತಾರೆ. ಬಿಲ್ಲು 5.2 ಲಕ್ಷ. ಇನ್ಶೂರೆನ್ಸ್ ಇಲ್ಲ. ಬಿಪಿಎಲ್ ಕಾರ್ಡ್ ತೋರಿಸಿದ್ರೆ ನಮ್ಮ ಆಸ್ಪತ್ರೆ ಆ ಸ್ಕೀಮಲ್ಲಿಲ್ಲ ಅಂದ್ರು. ಕೈಲಿದ್ದ 40 ಸಾವಿರ ಕಟ್ಟಿ, ನನ್ನ ಒಡವೆ ಫೈನಾನ್ಸಲ್ಲಿ ಇಟ್ಟು 2 ಲಕ್ಷ ತಂದೆ, ಇದು ನಮ್ಮನೆಯವರಿಗೆ ಗೊತ್ತಿಲ್ಲ. ಪೀಣ್ಯದ ಮೆಷಿನ್ ಶಾಪಲ್ಲಿ ಕೆಲಸ ಮಾಡೋ ತಮ್ಮ 5 ರೂಪಾಯಿ ಬಡ್ಡಿಗೆ 1 ಲಕ್ಷ ತಂದ. ಇನ್ನೂ 1.8 ಲಕ್ಷ ಬಾಕಿ. ಅದರ ಮೇಲೆ ಇನ್ನೂ ಬ್ಲಾಕ್ ಇದೆ, ಬೈಪಾಸ್ ಮಾಡಿಸ್ಬೇಕು, ಮೂರೂವರೆ ಲಕ್ಷ ಆಗತ್ತೆ ಅಂತಿದ್ದಾರೆ. ಚಿಕ್ಕಪ್ಪ ಎರಡು ಎಕರೆ ತೆಂಗಿನ ತೋಟ ನನಗೇ ಕೊಡಿ, ಸೋಮವಾರ ಅಗ್ರಿಮೆಂಟ್ ಮಾಡ್ಕೊಳ್ಳೋಣ, ಅಡ್ವಾನ್ಸ್ ತಕ್ಷಣ ಕೊಡ್ತೀನಿ ಅಂತಾರೆ. ಅಮ್ಮ ಮಾತೇ ಆಡ್ತಿಲ್ಲ. ನಮ್ಮನೆಯವರು 'ಆಸ್ತಿ ನಿನ್ನ ತಮ್ಮನಿಗೆ ತಾನೇ ಹೋಗೋದು, ಅವನೇ ನೋಡ್ಕೊಳ್ಳಲಿ' ಅಂತಾರೆ. ನಿದ್ದೆ ಇಲ್ಲ ಮೇಡಂ. ತೋಟ ಮಾರೋದಾ? ಒಡವೆ ವಿಷಯ ಹೇಳೋದಾ? ಹೆಸರು ಹಾಕ್ಬೇಡಿ.

ಉತ್ತರ: ತಂಗಿ, ಸೋಮವಾರ ಯಾವ ಅಗ್ರಿಮೆಂಟಿಗೂ ಯಾರೂ ಸಹಿ ಹಾಕ್ಬೇಡಿ. ಕಾರಣ ಆಮೇಲೆ ಹೇಳ್ತೀನಿ, ಆದ್ರೆ ಇದು ಮೊದಲು ನಿಮ್ಮ ಕಿವಿಗೆ ಬೀಳ್ಲಿ, ಯಾಕಂದ್ರೆ ನೀವು ಬರೆದಿರೋದ್ರಲ್ಲೆಲ್ಲ ಒಂದ್ಸಲ ಮಾಡಿದ್ರೆ ವಾಪಸ್ ತಗೊಳ್ಳೋಕಾಗದ ಕೆಲಸ ಅಂದ್ರೆ ಅದೊಂದೇ. ಒಡವೆ ಬಿಡಿಸ್ಕೋಬಹುದು, ಬಿಲ್ಲು ಮಾತಾಡಿ ಇಳಿಸ್ಬಹುದು, ಗಂಡನ ಸಿಟ್ಟು ಇವತ್ತಲ್ಲ ನಾಳೆ ಇಳಿಯತ್ತೆ. ತೋಟ ಹೋದ್ರೆ ಹೋಯ್ತು.

ನಾನು ಬಹಳ ವರ್ಷ ಆಸ್ಪತ್ರೇಲಿ ಸೋಶಿಯಲ್ ವರ್ಕರ್ ಆಗಿದ್ದವಳು. ಐಸಿಯು ಹೊರಗೆ ಕೂತಿರೋ ಮನೆಯವರಿಗೆ ಎಲ್ಲಾ ಸಾಲಾನೂ ಒಂದೇ ಥರ ಕಾಣತ್ತೆ, ಎದುರಿಗೆ ಯಾರು ಜೋರು ಮಾಡ್ತಾರೋ ಅವರಿಗೆ ಮೊದಲು ಕಟ್ಟಿಬಿಡ್ತಾರೆ. ಬಿಲ್ಲಿಂಗ್ ಕೌಂಟರ್‌ನೋರು ದಿನಾ ಬೆಳಿಗ್ಗೆ ಕರೀತಾರೆ ಅಂತ ಅವರ ಬಾಕಿನೇ ದೊಡ್ಡದು ಅನ್ಸತ್ತೆ. ನೀವು ಲೆಕ್ಕ ಹಾಕಿ ನೋಡಿ. ತಮ್ಮ ತಂದಿರೋ 1 ಲಕ್ಷಕ್ಕೆ 5 ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 5 ಸಾವಿರ, ವರ್ಷಕ್ಕೆ 60 ಸಾವಿರ, ಅಸಲು ಹಾಗೇ ಇರತ್ತೆ. ಅದೇ ಆಸ್ಪತ್ರೆಯ 1.8 ಲಕ್ಷ ಬಾಕಿ ಇದ್ಯಲ್ಲ, ಅದು ಬಡ್ಡಿ ಓಡೋ ಸಾಲ ಅಲ್ಲ. ಅದನ್ನ ತೀರಿಸೋಕೆ ಅಂತ ಇನ್ನೊಂದು ಬಡ್ಡಿ ಸಾಲ ಮಾಡೋದು ಎಲ್ಲಾದಕ್ಕಿಂತ ದೊಡ್ಡ ತಪ್ಪು. ಮೊದಲು ಮುಗಿಸ್ಬೇಕಾಗಿರೋದು ತಮ್ಮನ ಸಾಲ. ಒಡವೆ ಲೋನನ್ನ ಫೈನಾನ್ಸಿಂದ ಯಾವುದಾದ್ರೂ ಸರ್ಕಾರಿ ಬ್ಯಾಂಕಿಗೆ ಬದಲಾಯಿಸ್ಕೊಳ್ಳೋಕಾಗತ್ತಾ ಕೇಳಿ, ಬಡ್ಡಿ ಸಾಮಾನ್ಯವಾಗಿ ಕಡಿಮೆ ಇರತ್ತೆ. ಇವತ್ತಿನ ಚಿನ್ನದ ರೇಟಿಗೆ ಅದೇ ಒಡವೆ ಮೇಲೆ ಸ್ವಲ್ಪ ಜಾಸ್ತಿ ಸಿಕ್ಕಿದ್ರೆ ಆ ಜಾಸ್ತಿ ಬಂದಿದ್ದು ನೇರ ತಮ್ಮನಿಗೆ ಸಾಲ ಕೊಟ್ಟ ಮೀಟರ್ ಬಡ್ಡಿಯವನ ಕೈಗೆ ಹೋಗಿ ಸಾಲದ ಪತ್ರ ವಾಪಸ್ ಬರ್ಬೇಕು, ಆಸ್ಪತ್ರೆ ಕೌಂಟರಿಗಲ್ಲ. ಅಷ್ಟರೊಳಗೆ ಅವನು ಮನೆ ಹತ್ರ ಬಂದು ಗಲಾಟೆ ಮಾಡಿದ್ರೆ ಸುಮ್ನಿರ್ಬೇಡಿ, 2025ರಲ್ಲಿ ಕರ್ನಾಟಕದಲ್ಲಿ ಸಾಲ ವಸೂಲಿ ಕಿರುಕುಳದ ಮೇಲೆ ಕಾನೂನು ಬಂದಿದೆ, ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಡಬಹುದು.

ಈಗ ಬೈಪಾಸ್. ಇಲ್ಲೇ ನಿಮ್ಮ ದುಡ್ಡು ಉಳಿಯೋದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಡಾಕ್ಟರ್ ಹತ್ರ ಒಂದೇ ಪ್ರಶ್ನೆ ನೇರ ಕೇಳಿ, ದುಡ್ಡಿನ ಮಾತು ತೆಗೀದೇ ಕೇಳಿ: ಸಾರ್, ಬೈಪಾಸ್ ಈ ವಾರಾನೇ ಆಗ್ಬೇಕಾ, ಅಥವಾ ಅಪ್ಪ ಮನೆಗೆ ಹೋಗಿ ಚೇತರಿಸ್ಕೊಂಡು ಆಮೇಲೆ ಮಾಡಿಸ್ಬಹುದಾ? ಈಗ್ಲೇ ಆಗ್ಬೇಕು, ಅಲ್ಲಾಡಿಸೋ ಹಾಗಿಲ್ಲ ಅಂದ್ರೆ ಆ ಮಾತೇ ಕೊನೆ, ನನ್ನ ಅಂಕಣ ಪಕ್ಕಕ್ಕಿಡಿ. ಆದ್ರೆ ಕಾಯಬಹುದು ಅಂತ ಅವರೇ ಅಂದ್ರೆ, ಅಥವಾ ಬೇರೆ ಕಡೆ ಶಿಫ್ಟ್ ಮಾಡೋಕಾಗತ್ತೆ ಅಂದ್ರೆ, ಇಲ್ಲೇ ಮೂರೂವರೆ ಲಕ್ಷ ಕಟ್ಟಿ ಮಾಡಿಸೋ ಅಗತ್ಯ ಏನಿದೆ ಹೇಳಿ? ನಿಮ್ಮಪ್ಪ ಅಮ್ಮಂದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಬೈಪಾಸ್ ಇದರಲ್ಲಿ ಬರತ್ತೆ. ನಿಮ್ಮ ಆಸ್ಪತ್ರೆ ಸ್ಕೀಮಲ್ಲಿಲ್ಲ ಅಂದಿದ್ದು ಆ ಆಸ್ಪತ್ರೆ ವಿಷಯ ಅಷ್ಟೇ, ಕಾರ್ಡೇ ಉಪಯೋಗ ಇಲ್ಲ ಅಂತ ಅಲ್ಲ! ಎಷ್ಟೋ ಜನ ಆ ಒಂದು ಮಾತು ಕೇಳಿ ಕಾರ್ಡನ್ನ ಮತ್ತೆ ಬ್ಯಾಗೊಳಗೆ ಇಟ್ಕೊಂಡುಬಿಡ್ತಾರೆ, ನೋಡಿ ನೋಡಿ ನಂಗೆ ಸಿಟ್ಟೇ ಬರತ್ತೆ.

ಕ್ರಮ ಹೀಗೆ. ಎಮರ್ಜೆನ್ಸಿ ಆದ್ರೆ ಸ್ಕೀಮಲ್ಲಿರೋ ಆಸ್ಪತ್ರೆಗೆ ನೇರ ಹೋಗಬಹುದು, ಎಮರ್ಜೆನ್ಸಿ ಅಲ್ಲ ಅಂದ್ರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗಲ್ಲ ಅಂದ್ರೆ ಅವರು ರೆಫರಲ್ ಬರೆದುಕೊಟ್ಟು ಸ್ಕೀಮಲ್ಲಿರೋ ಪ್ರೈವೇಟಿಗೆ ಕಳಿಸ್ತಾರೆ. ಆ ರೆಫರಲ್ ಇಲ್ದೆ ನೇರ ಪ್ರೈವೇಟಿಗೆ ಹೋಗಿ ಅಡ್ಮಿಟ್ ಆದ್ರೆ ಕಷ್ಟ. ಹೃದಯದ ವಿಷಯಕ್ಕೆ ನಮ್ಮಲ್ಲಿ ಜಯದೇವ ಇದೆ, ಬೆಂಗಳೂರು, ಮೈಸೂರು, ಕಲಬುರಗಿ ಮೂರು ಕಡೆ, ನಿಮಗೆ ಬೆಂಗಳೂರೇ ಹತ್ರ. ಸರ್ಕಾರಿ ಸ್ವಾಯತ್ತ ಸಂಸ್ಥೆ, ಬೈಪಾಸ್ ಅವರಿಗೆ ದಿನನಿತ್ಯದ ಕೆಲಸ. ರಶ್ ಇರತ್ತೆ, ಬೆಡ್ಡಿಗೆ ಕಾಯ್ಬೇಕಾಗತ್ತೆ, ಮೃದುವಾಗಿ ಮಾತಾಡೋಕೆ ಯಾರಿಗೂ ಟೈಮಿರಲ್ಲ, ಅದೆಲ್ಲ ನಿಜ. ಆದ್ರೂ ಅಲ್ಲೊಂದು ಅಭಿಪ್ರಾಯ ತಗೊಳ್ದೆ ಮೂರೂವರೆ ಲಕ್ಷಕ್ಕೆ ತಲೆ ಆಡಿಸ್ಬೇಡಿ. ಸ್ಕೀಮಿನ ಆಸ್ಪತ್ರೆಗಳಲ್ಲಿ ಸ್ಕೀಮಿನ ಸಹಾಯಕ್ಕೆ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರ್ತಾರೆ, ಅವರನ್ನ ಹುಡುಕಿ. ಸ್ಕೀಮಿನ ಬಗ್ಗೆ ಕೇಳೋಕೆ 14555, ರಾಜ್ಯದ ಆರೋಗ್ಯ ಸಹಾಯವಾಣಿ 104.

ಇನ್ನೊಂದು, ತಮ್ಮನ ಪೇಸ್ಲಿಪ್ ತರಿಸ್ಕೊಂಡು ನೋಡಿ. ಸಂಬಳ ತಿಂಗಳಿಗೆ 21 ಸಾವಿರದೊಳಗಿದ್ದು ಕಾರ್ಮಿಕರ ವಿಮೆ ಇಎಸ್‌ಐ ಅಂತ ಕಟ್ ಆಗ್ತಿದ್ರೆ, ಅವನನ್ನ ನಂಬಿಕೊಂಡಿರೋ ಅಪ್ಪ ಅಮ್ಮನ್ನೂ ಅದರಲ್ಲಿ ಸೇರಿಸಬಹುದು, ಅವರಿಗೆ ಆದಾಯದ ಮಿತಿ ಒಂದಿದೆ. ಪೀಣ್ಯದ ಎಷ್ಟು ಹುಡುಗರು ಪ್ರತಿ ತಿಂಗಳು ದುಡ್ಡು ಕಟ್ ಮಾಡಿಸ್ಕೊಂಡು ಕಾರ್ಡಲ್ಲಿ ಅಪ್ಪ ಅಮ್ಮನ ಹೆಸರೇ ಸೇರಿಸಿರಲ್ಲ ಗೊತ್ತಾ. ಹಾಗೇ ಅಪ್ಪ ಹಾಲಿನ ಡೈರಿಗೋ ಊರಿನ ರೈತರ ಸಹಕಾರ ಸಂಘ ವಿಎಸ್ಎಸ್ಎನ್‌ಗೋ ಮೆಂಬರ್ ಆಗಿದ್ರೆ ಸೆಕ್ರೆಟರಿಗೆ ಫೋನ್ ಮಾಡಿ ಈ ವರ್ಷ ಸಹಕಾರ ಸಂಘದವರ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಕಟ್ಟಿದ್ರಾ ಕೇಳಿ, ನಿಮ್ಮಪ್ಪ ಕಟ್ಟಿ ಮರೆತಿರಲೂಬಹುದು.

ಇರೋ ಬಿಲ್ಲಿಗೆ ಬರ್ತೀನಿ. ಕೌಂಟರಲ್ಲಿ ಕೊಟ್ಟಿರೋದು ಒಂದು ಹಾಳೆ ಮೊತ್ತ ಇರತ್ತೆ, ಅದು ಸಾಲದು, ಪ್ರತಿಯೊಂದು ಐಟಂ ಬರೆದಿರೋ ಪೂರ್ತಿ ಬಿಲ್ ಕೇಳಿ, ಅದು ನಿಮ್ಮ ಹಕ್ಕು. ಸ್ಟೆಂಟಿಗೆ 2017ರಿಂದ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ, ಔಷಧಿ ಲೇಪ ಇರೋ ಸ್ಟೆಂಟ್ ಈಗ ಜಿಎಸ್‌ಟಿ ಬಿಟ್ಟು ಸುಮಾರು 39 ಸಾವಿರದ ಆಸುಪಾಸು, ಬಿಲ್ಲಲ್ಲಿ ಸ್ಟೆಂಟಿನ ಕಂಪನಿ, ಬ್ಯಾಚ್ ನಂಬರ್, ಬೆಲೆ ಬೇರೆಯಾಗಿ ತೋರಿಸ್ಲೇಬೇಕು. ಹಾಗಂತ ಆಂಜಿಯೋಪ್ಲಾಸ್ಟಿ ಪೂರ್ತಿ 39 ಸಾವಿರಕ್ಕೆ ಆಗ್ಬೇಕಿತ್ತು ಅಂತ ಜಗಳ ತೆಗೀಬೇಡಿ, ಕ್ಯಾಥ್‌ಲ್ಯಾಬು, ಬಲೂನು, ಡಾಕ್ಟರ್ ಫೀಸು ಎಲ್ಲ ಬೇರೆ. ಫಾರ್ಮಸಿ ಬಿಲ್ಲನ್ನ ಮಾತ್ರ ತಮ್ಮನ ಜೊತೆ ಕೂತು ಸಾಲು ಸಾಲು ನೋಡಿ. ಐಸಿಯುಗೆ ಅಂತ ತರಿಸಿ ಬಳಸದೆ ಉಳಿದ ಇಂಜೆಕ್ಷನ್ನು, ಗ್ಲೌಸು, ಸಿರಿಂಜು ವಾಪಸ್ ಹಾಕಿ ದುಡ್ಡು ಕಡಿಮೆ ಮಾಡಿದ್ದಾರಾ? ಅಪ್ಪ ಈಗ ಮಾತಾಡ್ತಾರೆ ಅಂದ್ರೆ ಐಸಿಯುನಲ್ಲಿ ಇನ್ನೂ ಯಾಕಿರ್ಬೇಕು, ಜನರಲ್ ವಾರ್ಡಿಗೆ ಹಾಕೋಕಾಗತ್ತಾ ಅಂತಾನೂ ಕೇಳಿ, ಎಷ್ಟೋ ಕಡೆ ರೂಮ್ ಬದಲಾದ್ರೆ ಡಾಕ್ಟರ್ ವಿಸಿಟ್ ಚಾರ್ಜೂ ಬದಲಾಗತ್ತೆ.

ಆಮೇಲೆ ಕೌಂಟರ್ ಹುಡುಗಿ ಹತ್ರ ಅಲ್ಲ, ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಬಿಲ್ಲಿಂಗ್ ಮ್ಯಾನೇಜರ್ ಹತ್ರ ಕೂತು ಮಾತಾಡಿ. ಅಳೋದೇನೂ ಬೇಡ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಮೇಜಿನ ಮೇಲಿಟ್ಟು ಹೇಳಿ: ಇಷ್ಟು ಕಟ್ಟಿದ್ದೀವಿ, ಎಷ್ಟು ಬಿಡ್ತೀರ ಹೇಳಿ, ಉಳಿದಿದ್ದು ತಿಂಗಳಿಗೆ ಇಷ್ಟಿಷ್ಟು ಕಟ್ತೀವಿ, ಬರೆದುಕೊಡ್ತೀವಿ. ಪ್ರೈವೇಟ್ ಆಸ್ಪತ್ರೆಗಳು ಎಷ್ಟೋ ಸಲ ಬಿಡ್ತಾವೆ, ಕೇಳೋರಿಗೆ ಮಾತ್ರ. ಬಾಕಿ ಕಟ್ಟೋ ತನಕ ಪೇಷಂಟ್ ಕಳಿಸಲ್ಲ ಅಂದ್ರೆ ಅದು ತಪ್ಪು, ಮಾನವ ಹಕ್ಕು ಆಯೋಗದ ರೋಗಿಗಳ ಹಕ್ಕುಪತ್ರದಲ್ಲಿ ಡಿಸ್ಚಾರ್ಜ್ ಆಗೋ ಹಕ್ಕು ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ ಪ್ರೈವೇಟ್ ಆಸ್ಪತ್ರೆಗಳ ಮೇಲಿನ ದೂರು ನೋಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಸಮಿತಿನೂ ಇದೆ. ಆದ್ರೆ ಈ ಮಾತನ್ನ ಮೊದಲ ದಿನಾನೇ ಎಸೀಬೇಡಿ, ಮಾತುಕತೆ ಮುರಿದಾಗ ಹೇಳಿ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ, ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮರಿ ಸಮೇತ ಅರ್ಜಿ ಹಾಕಿ. ಬಂದಷ್ಟು ಬಂತು, ತಿಂಗಳುಗಟ್ಟಲೆ ಆಗಬಹುದು, ಪೂರ್ತಿ ಬರತ್ತೆ ಅನ್ಕೊಂಡು ಸಾಲ ಮಾಡ್ಬೇಡಿ. ಪ್ರಧಾನಮಂತ್ರಿ ನಿಧಿ ಬೇರೆ ಥರ, ಅದು ಮುಂದೆ ಆಗೋ ಆಪರೇಷನ್ನಿಗೆ ಎಸ್ಟಿಮೇಟ್ ನೋಡಿ ಆಸ್ಪತ್ರೆಗೇ ಹೋಗತ್ತೆ.

ಇನ್ನು ತೋಟ. ನಿಮ್ಮಪ್ಪ ಹಾಸಿಗೆ ಮೇಲಿರೋವಾಗ ಅವರ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಪ್ರಯತ್ನ ಯಾರೇ ಮಾಡಿದ್ರೂ ಬಿಡ್ಬೇಡಿ, ಚಿಕ್ಕಪ್ಪ ಒಳ್ಳೇ ಮನಸ್ಸಿಂದ್ಲೇ ಕೇಳ್ತಿರಬಹುದು, ಆದ್ರೂ ಬಿಡ್ಬೇಡಿ. ತೋಟ ಪಿತ್ರಾರ್ಜಿತ ಆಗಿದ್ರೆ 2005ರ ತಿದ್ದುಪಡಿ ಪ್ರಕಾರ ನಿಮಗೂ ತಮ್ಮನಷ್ಟೇ ಪಾಲಿದೆ, ಇದು ನಿಮ್ಮ ಯಜಮಾನರಿಗೆ ಗೊತ್ತಿಲ್ಲ ಅಂತ ಕಾಣತ್ತೆ. 2025ರಲ್ಲಿ ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ರೇಟ್ ಎಷ್ಟು ಮೇಲಕ್ಕೆ ಹೋಯ್ತು ಅಂತ ಚಿಕ್ಕಪ್ಪನಿಗೂ ಗೊತ್ತು, ಅದಕ್ಕೇ ಈ ಸೋಮವಾರದ ಅವಸರವೋ ಏನೋ. ಬೈಪಾಸ್ ಸ್ಕೀಮಲ್ಲಿ ಆಗಿಹೋದ್ರೆ ನಿಮ್ಮ ಮೇಲಿರೋದು ಒಡವೆ ಸಾಲ, ತಮ್ಮನ ಸಾಲ, ಆಸ್ಪತ್ರೆ ಬಾಕಿ. ಇಬ್ಬರು ದುಡಿಯೋರು, ಮೇಲೆ ತೋಟದ ಫಸಲು. ಕಷ್ಟ ಆಗತ್ತೆ, ಎರಡು ಮೂರು ವರ್ಷ ಹಬ್ಬಕ್ಕೆ ಬಟ್ಟೆ ಬರಲ್ಲ, ಆದ್ರೆ ತೀರೋ ಸಾಲ. ಅದೂ ಆಗ್ಲಿಲ್ಲ ಅಂದ್ರೆ ಅಪ್ಪ ಎದ್ದು ಕೂತ ಮೇಲೆ ಅವರೇ ಹೇಳಲಿ, ಆಗ ನಾಲ್ಕು ಕಡೆ ರೇಟ್ ಕೇಳಿ ಮಾರಿ. ಚಿಕ್ಕಪ್ಪನಿಗೆ 'ಅಪ್ಪ ಮನೆಗೆ ಬರ್ಲಿ ಚಿಕ್ಕಪ್ಪ, ಅವರ ಮುಂದೇನೇ ಮಾತಾಡೋಣ' ಅಂದ್ರೆ ಸಾಕು. ಅಮ್ಮ ಮಾತಾಡ್ತಿಲ್ಲ ಅಂದ್ರಿ, ಅವರನ್ನ ಕೇಳಿದ್ರಾ? ತೋಟಕ್ಕೆ ನೀರು ಬಿಟ್ಟೋರು ಅವರು, ಅಭಿಪ್ರಾಯ ಇಲ್ದೆ ಇರಲ್ಲ.

ಒಡವೆ ವಿಷಯ ಯಜಮಾನರಿಗೆ ಹೇಳಿ. ಇವತ್ತೇ ಹೇಳಿ. ಕಾನೂನಿನ ಪ್ರಕಾರ ಅದು ಸ್ತ್ರೀಧನ, ನಿಮ್ಮದೇ, ಅನುಮತಿ ಕೇಳ್ಬೇಕಾಗಿರಲಿಲ್ಲ. ಆದ್ರೆ ಮುಚ್ಚಿಟ್ಟಿದ್ದು ಫೈನಾನ್ಸಿಂದ ಬರೋ ಮೆಸೇಜಲ್ಲಿ ಗೊತ್ತಾದ್ರೆ ಮಾತು ಒಡವೆದಲ್ಲ, ನಂಬಿಕೆದು ಆಗತ್ತೆ, ಆಗ ನಿಮ್ಮ ಹತ್ರ ಉತ್ತರ ಇರಲ್ಲ. ಕ್ಷಮೆ ಕೇಳೋ ಥರ ಹೇಳ್ಬೇಡಿ, ಜಗಳದ ಥರಾನೂ ಬೇಡ. 'ಅಪ್ಪ ವೆಂಟಿಲೇಟರಲ್ಲಿದ್ರು, ನೀವು ಬೇಡ ಅಂತೀರೇನೋ ಅಂತ ಹೆದರಿ ಹೇಳ್ಲಿಲ್ಲ, ಇಟ್ಟಿದ್ದೀನಿ, ಇಷ್ಟು ಬಡ್ಡಿ, ನನ್ನ ಸಂಬಳದಲ್ಲಿ ಹೀಗೆ ಕಟ್ತೀನಿ' ಅಂತ ಚೀಟಿ ಮುಂದಿಟ್ಟು ಹೇಳಿ. ಒಂದೆರಡು ದಿನ ಮುಖ ಊದಿಸ್ಕೋತಾರೆ. ಅವರ ಕೋಪದ ಹಿಂದೆ ನಮ್ಮ ಮನೆ ಗತಿ ಏನು ಅನ್ನೋ ಭಯಾನೂ ಇರತ್ತೆ, ಅದು ಪೂರ್ತಿ ಸುಳ್ಳಲ್ಲ. ಇದೆಲ್ಲ ಒಂದು ಹಂತಕ್ಕೆ ಬಂದ ಮೇಲೆ ನಿಮ್ಮ ಮೂವರಿಗೋ ನಾಲ್ವರಿಗೋ ಒಂದು ಹೆಲ್ತ್ ಪಾಲಿಸಿ ಮಾಡಿಸಿ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಅಪ್ಪನಿಗೆ ಈಗ ಮಾಡಿಸಿದ್ರೆ ಹೃದಯದ ಖರ್ಚಿಗೆ ಮೂರು ವರ್ಷದವರೆಗೂ ಕಾಯಿಸಬಹುದು, ಅವರಿಗೆ ಸದ್ಯಕ್ಕೆ ಆ ಬಿಪಿಎಲ್ ಕಾರ್ಡೇ ಗತಿ, ಅದನ್ನ ಜೋಪಾನ ಮಾಡಿ.

ಮಾತ್ರೆ ವಿಷಯ ಮರೀತಿದ್ದೆ. ಸ್ಟೆಂಟ್ ಹಾಕಿದ ಮೇಲೆ ಕೊಡೋ ರಕ್ತ ಹೆಪ್ಪುಗಟ್ಟದ ಮಾತ್ರೇನ ದುಡ್ಡಿಲ್ಲ ಅಂತ ಡಾಕ್ಟರ್ ಹೇಳ್ದೆ ಒಂದು ದಿನಾನೂ ನಿಲ್ಲಿಸ್ಬೇಡಿ, ಸ್ಟೆಂಟೇ ಮುಚ್ಚಿಹೋಗಬಹುದು. ಬ್ರ್ಯಾಂಡ್ ದುಬಾರಿ ಆದ್ರೆ ಡಾಕ್ಟರನ್ನ ಕೇಳಿ ಜನೌಷಧಿ ಅಂಗಡೀಲಿ ತಗೊಳ್ಳಿ. ಡಿಸ್ಚಾರ್ಜ್ ದಿನ ಆಂಜಿಯೋಗ್ರಾಂ ಸಿಡಿ, ಎಕೋ ರಿಪೋರ್ಟು, ಇಸಿಜಿ, ಡಿಸ್ಚಾರ್ಜ್ ಸಮರಿ ಎಲ್ಲ ಕೇಳಿ ಇಸ್ಕೊಳ್ಳಿ, ಸಿಡಿ ಇಲ್ಲ ಅಂದ್ರೆ ಇನ್ನೊಂದು ಕಡೆ ಮತ್ತೆ ಆಂಜಿಯೋಗ್ರಾಂ ಮಾಡಿಸಿ ಅಂದ್ರೂ ಅಂದಾರು. ಅಪ್ಪನ್ನ ಎಬ್ಬಿಸ್ಕೊಂಡು ಹೋಗೋ ಮೊದಲು ತಮ್ಮನ ಕೈಲಿ ಆ ಫೈಲು, ಅಪ್ಪನ ಆಧಾರ್, ರೇಷನ್ ಕಾರ್ಡು ಕೊಟ್ಟು ಒಂದು ದಿನ ಬೆಳಿಗ್ಗೆ ಬೇಗ ಜಯದೇವಕ್ಕೆ ಕಳಿಸಿ, ಪೀಣ್ಯದಿಂದ ಅವನಿಗೇ ಹತ್ರ.