ಅರಿವು ಯಾರಿಗೆ ಮೂಡಿಸಬೇಕು, ಮೇಷ್ಟ್ರೇ?

ದಾವಣಗೆರೆಯ ಕಾಲೇಜೊಂದರ ಎನ್‌ಎಸ್‌ಎಸ್ ಅಧಿಕಾರಿ ಮೂರು ಪುಟದ ಪತ್ರ ಬರೆದಿದ್ದಾರೆ. ಜುಲೈ 30ರ ಮಾನವ ಕಳ್ಳಸಾಗಣೆ ವಿರೋಧಿ ದಿನದಂದು ಅವರ ವಿದ್ಯಾರ್ಥಿಗಳು ಜಾಥಾ ನಡೆಸಿದರಂತೆ, ಬೀದಿನಾಟಕ ಆಡಿದರಂತೆ. "ಜನರಿಗೆ ಅರಿವೇ ಇಲ್ಲ. ಸರಪಳಿ ಬಿಗಿದ ಕೈಗಳ ಚಿತ್ರವನ್ನು ನೀವು ಮುಖಪುಟಕ್ಕೆ ಹಾಕಬಾರದಿತ್ತೇ?" ಎಂಬುದು ಅವರ ಆಕ್ಷೇಪ.

ಮೇಷ್ಟ್ರೇ, ಜಾಥಾ ದಂಡ ಎನ್ನಲಾರೆ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಒಂದು ಮಗುವಿನ ತಲೆಯಲ್ಲಿ ಉಳಿದರೂ ಲಾಭವೇ. ಆದರೆ ಆ ಸರಪಳಿಯ ಚಿತ್ರದ ಮೇಲೆ ನನಗೆ ಹಳೇ ಸಿಟ್ಟಿದೆ. ಅದನ್ನೇ ನೋಡಿ ಬೆಳೆದ ಅಧಿಕಾರಿಗಳು, ಸಾಗಿಸಿ ತಂದವರ ಜೀತ ಪತ್ತೆಗೆಂದು ಇಟ್ಟಿಗೆ ಗೂಡಿಗೆ ಹೋದಾಗ ಮೊದಲು ಹುಡುಕುವುದೂ ಸರಪಳಿಯನ್ನೇ. "ಕಟ್ಟಿಹಾಕಿದ್ರಾ? ಹೊಡೆದ್ರಾ? ಊಟ ಕೊಡ್ತಿಲ್ವಾ?" ಮೂರಕ್ಕೂ ಇಲ್ಲವೆಂದರೆ "ಜೀತ ಕಂಡುಬಂದಿಲ್ಲ" ಎಂದು ಬರೆದು ಜೀಪು ಹತ್ತುತ್ತಾರೆ.

ಆ ಕೂಲಿಯವರನ್ನು ಹಿಡಿದಿಟ್ಟಿರುವುದು ಒಂದು ನೋಟ್‌ಬುಕ್. ಬೆಂಗಳೂರಿನ ಹೊರವಲಯದ ಗೂಡೊಂದರಲ್ಲಿ ಅಂಥದ್ದನ್ನು ತಿರುವಿಹಾಕಿದ್ದೇನೆ. ಹೆಸರಿನ ಎದುರು ಮುಂಗಡ. ಅದರ ಕೆಳಗೆ ಅಕ್ಕಿ, ಮಗುವಿನ ಔಷಧಿ, ಊರಲ್ಲಿ ಸಾವಾದಾಗ ಕೊಟ್ಟ ಬಸ್ ಚಾರ್ಜು. ಹೊಯ್ದ ಇಟ್ಟಿಗೆಯ ಕಾಲಮ್ಮು ಮಾತ್ರ ಖಾಲಿ. "ಲೆಕ್ಕ ಎಲ್ಲಾ ಸೀಸನ್ ಮುಗಿದ್ಮೇಲೆ ಸಾರ್" ಅಂದ ಮೇಸ್ತ್ರಿ, ಟೀ ಮುಂದಿಡುತ್ತ. ಮುಂಗಡ ಪಡೆದವರು ಗಂಡ ಹೆಂಡತಿ. ಹಸಿ ಇಟ್ಟಿಗೆ ಮಗುಚಿ ಒಣಗಿಸುತ್ತಿದ್ದವರು ಅವರ ಮಕ್ಕಳು. ಮಕ್ಕಳ ಹೆಸರು ಆ ಪುಟದಲ್ಲೇ ಇರಲಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಹೊರಡುವ ಕಬ್ಬು ಕಡಿಯುವ ಗ್ಯಾಂಗುಗಳಲ್ಲೂ ಹೀಗೇ: ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದು 'ಕೊಯ್ತಾ' (ಕುಡುಗೋಲು), ಕೂಲಿ ಹೊಂದಿಸುವ ಮುಕಾದಮನ ಮುಂಗಡ ಆ ಜೋಡಿಯ ಮೇಲೆ.

ಇನ್ನು ಕರೆತಂದವನು? ಎಷ್ಟೋ ಸಲ ಅದೇ ಊರಿನವನು, ಬಳಗದವನು, ಹಿಂದಿನ ವರ್ಷ ತಾನೇ ದುಡಿದು ಬಂದವನು. ಮಗಳ ಮದುವೆ ಕುತ್ತಿಗೆಗೆ ಬಂದಾಗ ನಗದು ಎಣಿಸಿದವನೂ ಅವನೇ. ಅಂಥ ಅಪ್ಪನ ಮುಂದೆ ನಿಮ್ಮ ಹುಡುಗರು ಕರಪತ್ರ ಹಿಡಿದರೆ, "ಹಾಗಾದ್ರೆ ನೀವು ಕೊಡ್ತೀರಾ?" ಅಂದಾನು. ಏನು ಹೇಳೋಣ?

ಅರಿವು ಬೇಕಾದದ್ದು ಕಾನೂನನ್ನು ಕೈಯಲ್ಲಿಟ್ಟುಕೊಂಡು ಕೂತವರಿಗೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸರಪಳಿ ಕೇಳುವುದಿಲ್ಲ. ಸಾಲದ ನೆವದಲ್ಲಿ ಬೇರೆಡೆ ದುಡಿಯುವ, ಓಡಾಡುವ ಸ್ವಾತಂತ್ರ್ಯ ಕಿತ್ತುಕೊಂಡರೆ ಸಾಕು. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡಬೇಕಾದವನೂ ಕೊಟ್ಟವನೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು 1982ರಲ್ಲೇ, ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗೆ ದುಡಿದ 'ಏಷ್ಯಾಡ್' ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿತು. 2013ರ ತಿದ್ದುಪಡಿಯ ನಂತರ ಕಳ್ಳಸಾಗಣೆ ಕೇಸಿನಲ್ಲಿ "ಅವಳೇ ಒಪ್ಪಿ ಬಂದಳು" ಎಂಬ ವಾದವೂ ನಿಲ್ಲುವುದಿಲ್ಲ. ಇಷ್ಟೆಲ್ಲ ಇದ್ದೂ, ಜೀತಕ್ಕಿಟ್ಟುಕೊಂಡವನಿಗೆ 1976ರ ಕಾಯ್ದೆ ಹಾಕುವ ದಂಡ ಹೆಚ್ಚೆಂದರೆ 2,000 ರೂಪಾಯಿ. (ಮೂರು ವರ್ಷದವರೆಗೆ ಜೈಲೂ ಉಂಟು, ಹೋದವರೆಷ್ಟು ಅಂತ ಕೇಳಬೇಡಿ.) ನಿಮ್ಮ ಜಾಥಾದ ಫ್ಲೆಕ್ಸಿಗೇ ಇದಕ್ಕಿಂತ ಜಾಸ್ತಿ ಆಗಿರಬೇಕು!

ನಮಗೆ ದಿನಾಚರಣೆಯ ಚಟ ಹತ್ತಿಬಿಟ್ಟಿದೆ. ಪರಿಸರಕ್ಕೊಂದು ದಿನ, ಅಪ್ಪನಿಗೊಂದು ದಿನ, ಕಳ್ಳಸಾಗಣೆಗೂ ಒಂದು. ಸೆಲ್ಫಿ ತೆಗೆದರೆ ಆ ವರ್ಷದ ಪಾಲು ಮುಗಿಯಿತು. ನಮ್ಮ ಪತ್ರಿಕಾರಂಗವೂ ಸಾಚಾ ಅಲ್ಲ. "20 ಮಂದಿಯ ರಕ್ಷಣೆ" ಅಂತ ಫೋಟೋ ಸಮೇತ ಅಚ್ಚು ಹಾಕುತ್ತೇವೆ. ಆ 20 ಮಂದಿಗೆ, ಜೀತದಿಂದ ಬಿಡುಗಡೆಯಾದರೆಂದು ಸರ್ಕಾರ ಬರೆದುಕೊಡುವ ಬಿಡುಗಡೆ ಪತ್ರ ಸಿಕ್ಕಿತೇ ಎಂದು ತಿಂಗಳ ನಂತರ ಹೋಗಿ ಕೇಳುವವರಿಲ್ಲ. ಆ ಹಾಳೆ ಇಲ್ಲದಿದ್ದರೆ ಪುನರ್ವಸತಿಯ ಪೂರ್ತಿ ಹಣ ಕೈಸೇರುವುದಿಲ್ಲ. ಹಣವಿಲ್ಲದವರು ಮತ್ತೆ ಅದೇ ಮೇಸ್ತ್ರಿಯ ಲಾರಿ ಹತ್ತುತ್ತಾರೆ.

ನೀವು ಕಳಿಸಿದ ಬೀದಿನಾಟಕದ ಸಂಭಾಷಣೆ ಓದಿದೆ. ಹುಡುಗರು ಬಲು ಚುರುಕು. ಅವರನ್ನೊಮ್ಮೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಕರೆದೊಯ್ಯಿರಿ. ಜೀತದ ಮೇಲೆ ಕಣ್ಣಿಡಲು, ಕಾಯ್ದೆಯ ಪ್ರಕಾರ ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅದರ ಕೊನೆಯ ಸಭೆ ಯಾವಾಗ ನಡೆಯಿತು, ಯಾವ ಗೂಡಿಗೆ ಹೋಗಿದ್ದರು, ಎಷ್ಟು ಬಿಡುಗಡೆ ಪತ್ರ ಕೊಟ್ಟರು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಸಿ. ಶುಲ್ಕ 10 ರೂಪಾಯಿ. ಬಂದ ಉತ್ತರವನ್ನು, ಬರದಿದ್ದರೆ ಅರ್ಜಿಯ ಪ್ರತಿಯನ್ನಾದರೂ, ನಮಗೆ ಕಳಿಸಿ. ನಾಲ್ಕು ಪುಟ ಬಿಟ್ಟುಕೊಡುತ್ತೇನೆ.