ಹಳೆಯ ಆಟೋಮ್ಯಾಟಿಕ್ ಕಾರಿಗೆ ಯಾವ ಗೇರ್ ಆಯಿಲ್?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. 1968ರ ಫೋರ್ಡ್ ಮಸ್ಟಾಂಗ್ ಕೊಂಡಿದ್ದೇನೆ. ಅದರಲ್ಲಿ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ. ಮ್ಯಾನ್ಯುಯಲ್‌ನಲ್ಲಿ ಟೈಪ್ ಎಫ್ ಎಂದಿದೆ. ಅಂಗಡಿಯವರು ಮಾತ್ರ ಅದು ಹಳೇ ಕಾಲದ್ದು, ಹೊಸ ಸಿಂಥೆಟಿಕ್ ಆಯಿಲ್ ಎಲ್ಲ ಗಾಡಿಗೂ ಆಗುತ್ತೆ ಅನ್ನುತ್ತಾರೆ. ಯಾವುದು ಹಾಕಲಿ? ಮನೆಯಲ್ಲೇ ಬದಲಾಯಿಸಬಹುದಾ?

ಉತ್ತರ: ಟೈಪ್ ಎಫ್ ಹಾಕಿ. ಹೊಸದು, ದುಬಾರಿ ಅನ್ನುವ ಕಾರಣಕ್ಕೆ ಬೇರೆಯದಕ್ಕೆ ಹೋಗಬೇಡಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಬರೀ ಸವೆತ ತಡೆಯುವುದಿಲ್ಲ. ಗೇರ್ ಬದಲಾಗುವಾಗ ಕ್ಲಚ್ ಪ್ಲೇಟ್‌ಗಳು ಒಂದನ್ನೊಂದು ಎಷ್ಟು ಬೇಗ ಹಿಡಿಯಬೇಕು ಅನ್ನುವುದೂ ಅದರ ಕೈಯಲ್ಲೇ ಇದೆ. ಜನರಲ್ ಮೋಟಾರ್ಸ್ 1967ರಲ್ಲಿ ತಂದ ಡೆಕ್ಸ್‌ರಾನ್ ಎಂಬ ಆಯಿಲ್‌ನಲ್ಲಿ ಘರ್ಷಣೆಯನ್ನು ಮೃದುಗೊಳಿಸುವ ವಸ್ತು ಬೆರೆತಿರುತ್ತದೆ. ಗೇರ್ ನಯವಾಗಿ ಬೀಳಲಿ ಅನ್ನುವುದು ಅವರ ಲೆಕ್ಕ. (1970ರ ದಶಕದ ಆರಂಭದವರೆಗೆ ಅದಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಆಮೇಲೆ ಅದನ್ನು ಬಿಡಬೇಕಾಯಿತು.) ಫೋರ್ಡ್ ಬೇರೆ ದಾರಿ ಹಿಡಿದಿತ್ತು. ಟೈಪ್ ಎಫ್‌ನಲ್ಲಿ ಆ ವಸ್ತು ಇಲ್ಲ. ಪ್ಲೇಟ್‌ಗಳ ವೇಗ ಒಂದಾಗುತ್ತಾ ಬಂದಂತೆ ಹಿಡಿತ ಬಿಗಿಯಾಗುತ್ತದೆ, ಗೇರ್ ಸ್ವಲ್ಪ ಗಟ್ಟಿಯಾಗಿ ಬೀಳುತ್ತದೆ. ನಿಮ್ಮ ಸಿ4ನ ಕ್ಲಚ್‌ಗಳನ್ನು ಈ ಹಿಡಿತವನ್ನು ನಂಬಿಯೇ ಮಾಡಿದ್ದಾರೆ.

ಅದಕ್ಕೆ ಡೆಕ್ಸ್‌ರಾನ್ ಥರದ್ದು ಹಾಕಿದರೆ ಮೊದಲ ದಿನ ನಿಮಗೆ ಖುಷಿಯೇ ಆಗಬಹುದು. ಗಾಡಿ ಬೆಣ್ಣೆಯ ಹಾಗೆ ಗೇರ್ ಬದಲಿಸುತ್ತದೆ. ಆದರೆ ಆ ನಯದ ಹಿಂದೆ ಪ್ಲೇಟ್‌ಗಳು ಜಾಸ್ತಿ ಹೊತ್ತು ಜಾರುತ್ತಿರುತ್ತವೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ. ಎರಡೂ ಕೆಂಪು ಬಣ್ಣವೇ ಆದ್ದರಿಂದ ಬಣ್ಣ ನೋಡಿ ಆರಿಸುವ ಹಾಗಿಲ್ಲ. ಟೈಪ್ ಎಫ್ ಎಂದೇ ಬರೆದ ಡಬ್ಬಿ ಅಮೆರಿಕದ ಬಿಡಿಭಾಗದ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ.

ಒಂದು ವಿಷಯ ಮಾತ್ರ ಮೊದಲು ವಿಚಾರಿಸಿ. ಹಿಂದಿನ ಮಾಲೀಕರು ಗೇರ್‌ಬಾಕ್ಸ್ ಬಿಚ್ಚಿ ಹೊಸ ಪ್ಲೇಟ್ ಹಾಕಿಸಿದ್ದಾರಾ? ಈಗಿನ ಪ್ಲೇಟ್‌ಗಳ ವಸ್ತುವೇ ಬೇರೆ. ಕೆಲಸ ಮಾಡಿದವರು ಡೆಕ್ಸ್‌ರಾನ್ ಅಥವಾ ಮರ್ಕಾನ್ (ಫೋರ್ಡ್‌ನದೇ ನಂತರದ ಆಯಿಲ್) ಹಾಕಿ ಎಂದು ಬರೆದುಕೊಟ್ಟಿದ್ದರೆ ಅವರ ಮಾತೇ ನಡೆಯಲಿ. ಅಂಥ ಕಾಗದ ಇಲ್ಲದಿದ್ದರೆ ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಇನ್ನು ಬದಲಾಯಿಸುವ ಕೆಲಸ. ಧಾರಾಳವಾಗಿ ಮನೆಯಲ್ಲೇ ಮಾಡಬಹುದು. ಗಾಡಿಯನ್ನು ಜ್ಯಾಕ್ ಮೇಲೆ ಬಿಟ್ಟು ಕೆಳಗೆ ತೂರಬೇಡಿ, ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟೇ ಇಳಿಯಿರಿ. ಸಿ4ನ ಪ್ಯಾನ್‌ಗೆ, ಅಂದರೆ ತಳದ ಆಯಿಲ್ ತಟ್ಟೆಗೆ, ಸಾಮಾನ್ಯವಾಗಿ ಡ್ರೈನ್ ಪ್ಲಗ್ (ಆಯಿಲ್ ಹೊರಬಿಡುವ ಬಿರಡೆ) ಇರುವುದಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಕೊಳವೆ ಪ್ಯಾನ್‌ಗೇ ಸೇರಿದ್ದರೆ ಅದನ್ನು ಕಳಚಿದರೆ ಆಯಿಲ್ ಸುರಿಯುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ! ಪ್ಯಾನ್‌ನಿಂದ ಬರುವುದು ಒಟ್ಟು ಆಯಿಲ್‌ನ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಮುಖ್ಯವಾಗಿ ಟಾರ್ಕ್ ಕನ್ವರ್ಟರ್‌ನಲ್ಲಿ, ಅಂದರೆ ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗದಲ್ಲಿ, ಕೂತಿರುತ್ತದೆ. ಆ ಕಾಲದ ಕನ್ವರ್ಟರ್‌ಗೆ ಡ್ರೈನ್ ಪ್ಲಗ್ ಇರುತ್ತದೆ. ಕೆಳಗಿನ ಮುಚ್ಚಳ ತೆಗೆದು, ಎಂಜಿನ್‌ನ ಮುಂಭಾಗದ ದೊಡ್ಡ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ನಿಧಾನ ತಿರುಗಿಸಿದರೆ ಪ್ಲಗ್ ಕೆಳಗೆ ಬರುತ್ತದೆ. ಹಿಂದೆ ಯಾರು ಏನು ಹಾಕಿದ್ದರೋ ಗೊತ್ತಿಲ್ಲದ ಗಾಡಿಯಲ್ಲಿ ಅದನ್ನೂ ಖಾಲಿ ಮಾಡಲೇಬೇಕು.

ಪ್ಯಾನ್ ಬಿಚ್ಚಿದಾಗ ತಳ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಹೆದರಬೇಡಿ, ಅದು ವಯಸ್ಸಿನ ಸವೆತ. ಲೋಹದ ಚೂರುಗಳಿದ್ದರೆ, ಅಥವಾ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಭಾಗ ಮುರಿದಿದೆ ಇಲ್ಲವೇ ಕ್ಲಚ್ ಆಗಲೇ ಸುಟ್ಟಿದೆ. ಹೊಸ ಆಯಿಲ್ ಅದನ್ನು ರಿಪೇರಿ ಮಾಡುವುದಿಲ್ಲ.

ಗಾಡಿ ಎತ್ತಿದ್ದಾಗಲೇ ಬ್ಯಾಂಡ್ (ಗೇರ್‌ಬಾಕ್ಸ್ ಒಳಗಿನ ಡ್ರಮ್‌ಗಳನ್ನು ಬಿಗಿಹಿಡಿಯುವ ಪಟ್ಟಿ) ಅಡ್ಜಸ್ಟ್ ಮಾಡಿಬಿಡಿ. ಇಂಟರ್‌ಮೀಡಿಯಟ್ ಬ್ಯಾಂಡ್‌ನ ಸ್ಕ್ರೂವನ್ನು 10 ಅಡಿ-ಪೌಂಡ್‌ಗೆ ಬಿಗಿದು, ಅಲ್ಲಿಂದ ಒಂದೂಮುಕ್ಕಾಲು ಸುತ್ತು ಸಡಿಲಿಸಿ. ಲೋ-ರಿವರ್ಸ್ ಬ್ಯಾಂಡ್‌ನದ್ದನ್ನು ಅಷ್ಟೇ ಬಿಗಿದು ಮೂರು ಸುತ್ತು ಸಡಿಲಿಸಿ. ಲಾಕ್ ನಟ್ ಎರಡಕ್ಕೂ ಹೊಸದೇ ಇರಲಿ.

ಪ್ಯಾನ್, ಕನ್ವರ್ಟರ್ ಎರಡೂ ಖಾಲಿ ಮಾಡಿದ್ದರೆ ಮೊದಲು 5 ಕ್ವಾರ್ಟ್ (ಸುಮಾರು 4.7 ಲೀಟರ್) ಸುರಿದು ಎಂಜಿನ್ ಶುರು ಮಾಡಿ. ಬ್ರೇಕ್ ಒತ್ತಿಕೊಂಡು ಲಿವರ್ ಅನ್ನು ಎಲ್ಲ ಗೇರ್‌ಗೂ ಒಮ್ಮೆ ತಂದು ಪಾರ್ಕ್‌ಗೆ ಹಾಕಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಕೊನೆಯ ಅಳತೆ ಗೇರ್‌ಬಾಕ್ಸ್ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ. ಜಾಸ್ತಿ ತುಂಬಿದರೂ ತೊಂದರೆಯೇ, ಆಯಿಲ್ ನೊರೆಯಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ತಂದೆಯವರ 1983ರ ಮರ್ಸಿಡಿಸ್ 300ಡಿ ಇದೆ, ಆಟೋಮ್ಯಾಟಿಕ್. ಡೆಕ್ಸ್‌ರಾನ್ 6 ಹಾಕಿ, ಮಷೀನ್‌ನಿಂದ ಪ್ರೆಷರ್ ಫ್ಲಶ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಲಾ ಸರ್?

ಉತ್ತರ: ಎರಡೂ ಬೇಡ. ಈ ಗೇರ್‌ಬಾಕ್ಸ್‌ಗೆ ಆಗ ಹೇಳಿದ್ದು ಡೆಕ್ಸ್‌ರಾನ್ 2. ಅದರ ಮುಂದಿನ ಡೆಕ್ಸ್‌ರಾನ್ 3 ಮಟ್ಟದ ಆಯಿಲ್ ಧೈರ್ಯವಾಗಿ ಹಾಕಬಹುದು. ಡೆಕ್ಸ್‌ರಾನ್ 6 ತೆಳುವಾದದ್ದು. ಗಟ್ಟಿಯಾದ ಹಳೇ ಸೀಲ್‌ಗಳಿಗೆ ನಾನು ಅದನ್ನು ಹೇಳುವುದಿಲ್ಲ. ಫ್ಲಶ್‌ನ ಅಗತ್ಯವೇ ಇಲ್ಲ, ಯಾಕೆಂದರೆ ಪ್ಯಾನ್‌ಗೂ ಕನ್ವರ್ಟರ್‌ಗೂ ಡ್ರೈನ್ ಪ್ಲಗ್ ಕೊಟ್ಟಿದ್ದಾರೆ. 5 ಮಿ.ಮೀ. ಅಲೆನ್ ಕೀ ಸಾಕು. ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿಸಿ. ಪ್ಯಾನ್ ಬೋಲ್ಟ್‌ಗಳನ್ನು ಬಿಗಿಯಬೇಕಾದದ್ದು ಬರೀ 8 ನ್ಯೂಟನ್ ಮೀಟರ್, ಅಂದರೆ ಬಲ ಹಾಕಲೇಬಾರದು. ಡಿಪ್‌ಸ್ಟಿಕ್ ಒರೆಸಲು ನೂಲು ಬಿಡುವ ಬಟ್ಟೆ ಕೊಡಬೇಡಿ, ಆ ಎಳೆಗಳು ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಯಿಲ್ ಬದಲಾಯಿಸಿದ ಮೇಲೂ ಗೇರ್ ಜೋರಾಗಿ ಹೊಡೆಯುತ್ತಿದ್ದರೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಮೊದಲು ವ್ಯಾಕ್ಯೂಮ್ ಪೈಪ್‌ಗಳನ್ನೂ, ಆ ವ್ಯಾಕ್ಯೂಮ್ ನೋಡಿ ಗೇರ್ ಬೀಳುವ ಬಿಗಿ ಹೊಂದಿಸುವ ಮಾಡ್ಯುಲೇಟರನ್ನೂ ನೋಡಿಸಿ.